ಲೇಸರ್ ಟ್ರ್ಯಾಪಲ್ಲಿ ಸಿಕ್ಕ ಜೀವಕೋಶ ನಿಜವಾಗ್ಲೂ ಎಷ್ಟು ಬಿಸಿ ಆಗುತ್ತೆ? ನೀವೇ ಲೆಕ್ಕ ಹಾಕಿ ನೋಡೋದು ಹೇಗೆ

ಮೇ ತಿಂಗಳಲ್ಲಿ ಶಿರಸಿ ಮನೆಲಿ ಇದ್ದಾಗ ರಾತ್ರಿ ಊಟ ಆದ್ಮೇಲೆ ಚಿಕ್ಕಮ್ಮನ ಮಗಳ ಫೋನ್ ಬಂತು, ಅವಳು ಕಾರವಾರದಲ್ಲಿ ಎಂಎಸ್ಸಿ ಮಾಡ್ತಾ ಇರೋದು, ಅವ್ರ ಲ್ಯಾಬಿಗೆ ಹೊಸದಾಗಿ ಒಂದು ಲೇಸರ್ ಟ್ರ್ಯಾಪ್ ಕಿಟ್ ಬಂದಿದೆ, ಅದರಲ್ಲಿ ಯೀಸ್ಟ್ ಹಿಡಿದು ಆಟ ಆಡ್ತಾ ಇದ್ದಾರೆ. "ಅಣ್ಣಾ, ಲೇಸರ್ ಬಿಸಿಗೆ ಯೀಸ್ಟ್ ಎಲ್ಲಾ ಸತ್ತೇ ಹೋತು, ಎಂತ ಮಾಡವು ಈಗ?" ಅಂದ್ಲು. ಬಿಸಿಗೇ ಸತ್ತಿದ್ದು ಅಂತ ಯಾರೇ ಹೇಳಿದ್ದು ನಿಂಗೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಲೇಸರ್ ಅಲ್ದನಾ, ಮತ್ತೆಂತಕ್ಕೆ ಸಾಯ್ತು?" ಅಂದ್ಲು.

ಎಲ್ರೂ ಹೀಗೇ ಅಂದ್ಕೊಳ್ಳೋದು, ನಾನೂ ಮೊದಲ ವರ್ಷ ಹೀಗೇ ಅಂದ್ಕೊಂಡಿದ್ದೆ. ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲ ಒಲೆಗೆ ಹಸಿ ಸೌದೆ ತುಂಬಿ ಊದಿದವರಿಗೆ ಗೊತ್ತು, ಕಣ್ಣಲ್ಲಿ ನೀರು ಬರೋದು ಬೆಂಕಿ ಬಿಸಿಗಲ್ಲ, ಹೊಗೆಗೆ. ಲೇಸರ್ ಟ್ರ್ಯಾಪಲ್ಲೂ ಬಿಸಿ ಒಂದು, ಹೊಗೆ ಇನ್ನೊಂದು, ಎರಡೂ ಒಂದೇ ಒಲೆಯಿಂದ ಬರ್ತಾವೆ ಅಂತ ಎರಡನ್ನೂ ಒಂದೇ ಖಾತೆಗೆ ಬರೆದ್ರೆ ಪ್ರಯೋಗ ಕೆಡುತ್ತೆ. ಅವತ್ತು ಅವಳಿಗೆ ಫೋನಲ್ಲಿ ಹೇಳಿದ್ದು, ಆಮೇಲೆ ಕಾರವಾರಕ್ಕೆ ಹೋಗಿ ಎರಡು ದಿನ ಕೂತು ಮಾಡಿಸಿದ್ದು, ಎಲ್ಲಾ ಸೇರಿಸಿ ಇಲ್ಲಿ ಬರೀತಾ ಇದೀನಿ, ಕಾಲೇಜ್ ಲ್ಯಾಬಲ್ಲಿ ಸಣ್ಣ ಟ್ರ್ಯಾಪ್ ಇಟ್ಕೊಂಡವರಿಗೆ ಉಪಯೋಗ ಆಗಬಹುದು.

ಟ್ರ್ಯಾಪ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಒಂದೇ ಪ್ಯಾರಾ. ಮೈಕ್ರೋಸ್ಕೋಪಿನ 100 ಪಟ್ಟಿನ ಆಯಿಲ್ ಲೆನ್ಸ್ ಮೂಲಕ ಲೇಸರ್ ಬಿಟ್ರೆ ಒಂದು ಮೈಕ್ರಾನಿನಷ್ಟು ಸಣ್ಣ ಚುಕ್ಕಿ ಆಗುತ್ತೆ, ಆ ಚುಕ್ಕಿ ಸಣ್ಣ ಕಣವನ್ನ ತನ್ನ ಕಡೆ ಎಳ್ಕೊಂಡು ಹಿಡಿದಿಟ್ಕೊಳ್ಳುತ್ತೆ, ಬೆಳಕಿನದೇ ಒಂದು ಚಿಮಟ. ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಆರ್ಥರ್ ಆಶ್ಕಿನ್ ಅನ್ನೋರು 1970ರಲ್ಲಿ ಶುರು ಮಾಡಿ 1986ರಲ್ಲಿ ಒಂದೇ ಕಿರಣದ ಟ್ರ್ಯಾಪ್ ಮಾಡಿ ತೋರಿಸಿದ್ರು. 1987ರಲ್ಲಿ ಬ್ಯಾಕ್ಟೀರಿಯಾ ಹಿಡಿದ್ರು, ಆದ್ರೆ ಮೊದ್ಲು ಬಳಸಿದ್ದು 514.5 ನ್ಯಾನೊಮೀಟರಿನ ಹಸಿರು ಲೇಸರ್, ಪವರ್ ಏರಿಸಿದ್ರೆ ಬ್ಯಾಕ್ಟೀರಿಯಾ ಸಾಯ್ತಿತ್ತು, ಅದಕ್ಕೆ ಅವರು ಕರೆಂಟ್ ಕೊಟ್ಟು ಕೊಲ್ಲೋದಕ್ಕೆ ಇರೋ ಎಲೆಕ್ಟ್ರೋಕ್ಯೂಷನ್ ಅನ್ನೋ ಶಬ್ದದ ಮಾದರಿಲೇ ತಮಾಷೆಗೆ ಆಪ್ಟಿಕ್ಯೂಷನ್ ಅಂತ ಹೆಸರಿಟ್ಟಿದ್ರು. ಅದೇ ವರ್ಷ 1064 ನ್ಯಾನೊಮೀಟರಿನ ಇನ್‌ಫ್ರಾರೆಡ್‌ಗೆ ಬದಲಾಯಿಸಿದ್ರು, ಆಗ ಯೀಸ್ಟ್, ಇ. ಕೊಲೈ ಟ್ರ್ಯಾಪ್ ಒಳಗೇ ಇದ್ಕೊಂಡು ಮರಿ ಹಾಕಿದ್ವು. ನೊಬೆಲ್ ಬಂದಿದ್ದು 2018ರಲ್ಲಿ, ಅವರಿಗೆ 96 ವರ್ಷ ಆಗಿತ್ತು. ಅಂದ್ರೆ ಜೀವಕೋಶ ಸಾಯುತ್ತಾ ಅನ್ನೋ ತಲೆಬಿಸಿ ಈ ಟೆಕ್ನಿಕ್ ಹುಟ್ಟಿದ ದಿನದಿಂದ್ಲೂ ಇದ್ದಿದ್ದೇ.

ಮೊದಲು ಕಣ್ಣು

ಇದನ್ನ ಹಾರಿಸಿ ಮುಂದೆ ಹೋಗ್ಬೇಡಿ. 5 ಮಿಲಿವ್ಯಾಟಿಂದ 500 ಮಿಲಿವ್ಯಾಟ್ ತನಕದ್ದು ಕ್ಲಾಸ್ 3ಬಿ, ಅದರ ಮೇಲಿಂದು ಕ್ಲಾಸ್ 4, ಟ್ರ್ಯಾಪ್ ಲೇಸರ್‌ಗಳೆಲ್ಲಾ ಸಾಮಾನ್ಯವಾಗಿ ಇವೆರಡರಲ್ಲೇ ಬರ್ತಾವೆ. ಇನ್‌ಫ್ರಾರೆಡ್ ಕಣ್ಣಿಗೆ ಕಾಣಲ್ಲ, ಕಾಣದೇ ಇರೋದಕ್ಕೆ ರೆಪ್ಪೆ ಮುಚ್ಚಲ್ಲ, ರೆಟಿನಾ ಸುಟ್ಟ ಮೇಲೇನೇ ಗೊತ್ತಾಗೋದು. ನಿಮ್ಮ ಲೇಸರಿನ ತರಂಗಾಂತರಕ್ಕೆ ಅಂತಲೇ ಬರೆದಿರೋ ಗಾಗಲ್ ಹಾಕಿ, ಬಳೆ ಉಂಗುರ ವಾಚ್ ತೆಗೆದಿಡಿ, ಬೀಮ್ ಎತ್ತರಕ್ಕೆ ಕಣ್ಣು ಬರೋ ಹಾಗೆ ಬಗ್ಗಬೇಡಿ, ಐಪೀಸಲ್ಲಿ ಕಣ್ಣಿಟ್ಟು ನೋಡೋದನ್ನ ಮರೆತುಬಿಡಿ, ಕ್ಯಾಮೆರಾದಲ್ಲೇ ನೋಡಿ. ಬೀಮ್ ಎಲ್ಲಿದೆ ನೋಡೋಕೆ ಇನ್‌ಫ್ರಾರೆಡ್ ಕಾರ್ಡ್ ಅಂತ ಸಿಗುತ್ತೆ, ಅದನ್ನೇ ಬಳಸಿ.

ನಿಮ್ಮ ಲೇಸರ್ ಯಾವ ತರಂಗಾಂತರ, ನೀರಿಗೆ ಅದು ಎಷ್ಟು ಇಷ್ಟ

ಜೀವಕೋಶ ಬಿಸಿಯಾಗೋದಕ್ಕೆ ಮುಖ್ಯ ಕಾರಣ ನೀರು, ಸುತ್ತ ಇರೋ ನೀರು ಮತ್ತೆ ಅದರ ಒಳಗಿನ ನೀರು. ನೀರು ಇನ್‌ಫ್ರಾರೆಡ್ಡನ್ನ ಎಲ್ಲಾ ಕಡೆ ಒಂದೇ ಥರ ಹೀರಲ್ಲ. 830ರ ಹತ್ತಿರ ತುಂಬಾ ಕಮ್ಮಿ, ಒಂದು ಮೀಟರಿಗೆ ಸುಮಾರು 3 ಅಂತ ಇಟ್ಕೊಳ್ಳಿ. 1064ಕ್ಕೆ ಸುಮಾರು 14. 976ಕ್ಕೆ ಸುಮಾರು 45, ಯಾಕಂದ್ರೆ ನೀರಿನ ಹೀರಿಕೆಯ ಒಂದು ಗುಡ್ಡ ಸರಿಯಾಗಿ 970, 980ರ ಆಸುಪಾಸಲ್ಲೇ ಇರೋದು.

ಈಗ ತಮಾಷೆ ನೋಡಿ, ಕಾಲೇಜುಗಳಿಗೆ ಬರೋ ಟೀಚಿಂಗ್ ಕಿಟ್‌ಗಳಲ್ಲಿ 976 ಸಿಗೋದು ಜಾಸ್ತಿ, ಯಾಕಂದ್ರೆ ಇಂಟರ್ನೆಟ್ ಕೇಬಲ್ ಕೆಲಸಕ್ಕೆ ಅದೇ ಡಯೋಡ್ ರಾಶಿ ರಾಶಿ ತಯಾರಾಗುತ್ತೆ, ಅದಕ್ಕೇ ಅಗ್ಗ. ತಂಗಿಯ ಕಿಟ್ಟೂ ಅದೇ. ಹಾಗಾಗಿ ನೆಟ್ಟಲ್ಲಿ ಎಲ್ಲೋ ಓದಿದ "100 ಮಿಲಿವ್ಯಾಟಿಗೆ ಒಂದು ಡಿಗ್ರಿ ಅಷ್ಟೇ, ಏನೂ ಆಗಲ್ಲ" ಅನ್ನೋ ಮಾತನ್ನ ಹಾಗೇ ನಂಬಿದ್ರೆ ಕೆಟ್ರಿ, ಅದು 1064ರ ಲೆಕ್ಕ. 1995ರಲ್ಲಿ ಲಿಯು ಮತ್ತು ಸಂಗಡಿಗರು ಲಾರ್ಡಾನ್ ಅನ್ನೋ ಬಣ್ಣ ಹಾಕಿ ಅಳೆದಿದ್ದು ಅದು, ಹ್ಯಾಮ್‌ಸ್ಟರ್ ಅಂಡಾಶಯದ ಕೋಶಕ್ಕೆ 100 ಮಿಲಿವ್ಯಾಟಿಗೆ 1.15 ಡಿಗ್ರಿ, ಕೊಬ್ಬಿನ ಸಣ್ಣ ಗುಳ್ಳೆಗಳಿಗೆ 1.45 ಡಿಗ್ರಿ. ಅಳತೆ ಸರಿಯಾಗೇ ಇದೆ, ನಿಮ್ಮ ಲೇಸರ್ ಬೇರೆ ಅಷ್ಟೇ.

ಸ್ಯಾಂಪಲ್ ಹತ್ರ ನಿಜವಾಗ್ಲೂ ಎಷ್ಟು ಪವರ್ ಮುಟ್ಟುತ್ತೆ

ಲೇಸರ್ ಕಂಟ್ರೋಲರ್ ಮೇಲೆ 180 ಮಿಲಿವ್ಯಾಟ್ ಅಂತ ತೋರಿಸ್ತಾ ಇತ್ತು ಅಂತ ತಂಗಿ ನೋಟ್‌ಬುಕ್ಕಲ್ಲೂ 180 ಅಂತ ಬರ್ದಿದ್ಲು. ಅದು ಲೇಸರ್ ಬಾಯಿಂದ ಹೊರಡೋ ಪವರ್, ಸ್ಯಾಂಪಲ್ಲಿಗೆ ಮುಟ್ಟೋದಲ್ಲ. ದಾರಿಲಿ ಕನ್ನಡಿ, ಲೆನ್ಸ್, ಡೈಕ್ರೋಯಿಕ್ (ಒಂದು ಬಣ್ಣ ಬಿಟ್ಟು ಇನ್ನೊಂದನ್ನ ತಿರುಗಿಸೋ ಕನ್ನಡಿ) ಎಲ್ಲಾ ತಮ್ಮ ತಮ್ಮ ಪಾಲು ತಗೊಳ್ತಾವೆ, ಎಲ್ಲಕ್ಕಿಂತ ದೊಡ್ಡ ಪಾಲು ತಗೊಳ್ಳೋದು ಆಬ್ಜೆಕ್ಟಿವ್, ಅಂದ್ರೆ ಸ್ಯಾಂಪಲ್ ಹತ್ರ ಇರೋ ಆ 100 ಪಟ್ಟಿನ ಲೆನ್ಸ್. ಕಣ್ಣಿಗೆ ಕಾಣೋ ಬೆಳಕಿಗೆ ಅಂತ ಕೋಟಿಂಗ್ ಮಾಡಿರೋ ಆಯಿಲ್ ಆಬ್ಜೆಕ್ಟಿವ್ ಇನ್‌ಫ್ರಾರೆಡ್ಡಲ್ಲಿ ಅರ್ಧಕ್ಕರ್ಧ ನುಂಗೋದು ಮಾಮೂಲು.

ಸುಲಭದ ದಾರಿ ಹೀಗಿದೆ. ಆಬ್ಜೆಕ್ಟಿವ್ ಬಿಚ್ಚಿ, ಅದರ ಹಿಂದಿನ ತೂತು ಎಷ್ಟು ಅಗಲ ಇದೆಯೋ ಅಷ್ಟೇ ಅಗಲದ ಐರಿಸ್ (ತೂತಿನ ಅಗಲ ಹೆಚ್ಚುಕಮ್ಮಿ ಮಾಡೋ ತಟ್ಟೆ) ಅಲ್ಲಿಟ್ಟು, ಅದರ ಹಿಂದೆ ಪವರ್ ಮೀಟರ್ ಇಡಿ. ನಮಗೆ 160 ಬಂತು. ಆಮೇಲೆ ಆಬ್ಜೆಕ್ಟಿವ್ ಮಾಡಿದವರು ಕೊಡೋ ಟ್ರಾನ್ಸ್‌ಮಿಷನ್ ಕರ್ವಲ್ಲಿ ನಿಮ್ಮ ತರಂಗಾಂತರಕ್ಕೆ ಎಷ್ಟಿದೆ ನೋಡಿ, ಗುಣಿಸಿ. ಕರ್ವ್ ಇಲ್ಲ ಅಂದ್ರೆ ಅದೇ ಮಾಡೆಲ್ಲಿನ ಇನ್ನೊಂದು ಆಬ್ಜೆಕ್ಟಿವ್ ಎಲ್ಲಿಂದಾದ್ರೂ ಸಾಲ ತನ್ನಿ, ಎರಡನ್ನೂ ಎದುರುಬದುರು ಇಟ್ಟು ಮಧ್ಯ ಎಣ್ಣೆ, ಕವರ್‌ಸ್ಲಿಪ್, ನೀರು ಹಾಕಿ ಫೋಕಸ್ ಕೂಡಿಸಿ, ಆ ಕಡೆಯಿಂದ ಎಷ್ಟು ಬರುತ್ತೆ ಅಳೀರಿ. 100 ಒಳಗೆ ಹೋಗಿ 36 ಹೊರಗೆ ಬಂದ್ರೆ, 36 ಪರ್ಸೆಂಟಿನ ವರ್ಗಮೂಲ, ಅಂದ್ರೆ ಒಂದೊಂದು ಆಬ್ಜೆಕ್ಟಿವ್ 60 ಪರ್ಸೆಂಟ್ ಬಿಡುತ್ತೆ ಅಂತ ಅರ್ಥ. ಒಂದೇ ಆಬ್ಜೆಕ್ಟಿವ್ ಮುಂದೆ ನೇರ ಮೀಟರ್ ಹಿಡಿಯೋದು ಬೇಡ, ಎಣ್ಣೆ ಲೆನ್ಸಿಂದ ಓರೆಯಾಗಿ ಬರೋ ಬೆಳಕು ಗಾಜಿಂದ ಗಾಳಿಗೆ ಹೊರಗೇ ಬರಲ್ಲ, ವಾಪಸ್ ಪ್ರತಿಫಲನ ಆಗುತ್ತೆ, ಮೀಟರ್ ಕಮ್ಮಿ ತೋರಿಸುತ್ತೆ, ನೀವು ಖುಷಿಯಾಗಿ ಪವರ್ ಏರಿಸ್ತೀರಿ. ನಮ್ಮ ಲೆಕ್ಕ 160ರ 60 ಪರ್ಸೆಂಟ್, 96 ಮಿಲಿವ್ಯಾಟ್.

ಈಗ ಲೆಕ್ಕ, ಪೆನ್ನು ತಗೊಳ್ಳಿ

2003ರಲ್ಲಿ ಪೀಟರ್ಮನ್, ಗಿಟ್ಟೆಸ್, ಶ್ಮಿಟ್ ಅನ್ನೋರು ಒಂದು ಸರಳ ಮಾಡೆಲ್ ಕೊಟ್ರು, ಅದನ್ನ ಬಾಯಿ ಮಾತಲ್ಲಿ ಹೇಳ್ತೀನಿ. ನೀರಿನ ಹೀರಿಕೆ ಇಂಟು ಪವರ್, ಅದನ್ನ ಎರಡು ಪೈ ಇಂಟು ನೀರಿನ ಉಷ್ಣವಾಹಕತೆಯಿಂದ ಭಾಗಿಸಿ. ಇದು ಮೊದಲ ತುಂಡು. ಎರಡನೇ ತುಂಡು: ಎರಡು ಪೈ ಇಂಟು ಕವರ್‌ಸ್ಲಿಪ್ ಗಾಜಿನಿಂದ ಫೋಕಸ್ ಎಷ್ಟು ದೂರ ಇದೆ ಅನ್ನೋದು, ಅದನ್ನ ತರಂಗಾಂತರದಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗ್ ತೆಗೆದು 1 ಕಳೀರಿ. ಎರಡೂ ತುಂಡು ಗುಣಿಸಿದ್ರೆ ಎಷ್ಟು ಡಿಗ್ರಿ ಏರುತ್ತೆ ಅನ್ನೋದು ಬಂತು.

1064ಕ್ಕೆ ಮಾಡೋಣ. ಹೀರಿಕೆ 14, ಪವರ್ 0.1 ವ್ಯಾಟ್, ಗುಣಿಸಿದ್ರೆ 1.4. ನೀರಿನ ಉಷ್ಣವಾಹಕತೆ 0.6, ಎರಡು ಪೈ ಜತೆ ಗುಣಿಸಿದ್ರೆ 3.77. ಭಾಗಿಸಿದ್ರೆ 0.37. ಫೋಕಸ್ ಗಾಜಿಂದ 10 ಮೈಕ್ರಾನ್ ಒಳಗಿದೆ ಅಂತಾದ್ರೆ 62.8 ಭಾಗಿಸು 1.064 ಅಂದ್ರೆ 59, ಅದರ ಲಾಗ್ 4.08, ಒಂದು ಕಳೆದ್ರೆ 3.08. 0.37 ಇಂಟು 3.08, ಸುಮಾರು 1.1 ಡಿಗ್ರಿ. ಲಿಯು ಅಳೆದಿದ್ದಕ್ಕೆ ಹತ್ತಿರವೇ ಬಂತು ನೋಡಿ. ಇದೇ ಲೆಕ್ಕ 976ಕ್ಕೆ ಹಾಕಿದ್ರೆ 100 ಮಿಲಿವ್ಯಾಟಿಗೆ 3.8 ಡಿಗ್ರಿ ಹತ್ರ ಬರುತ್ತೆ, 830ಕ್ಕೆ ಹಾಕಿದ್ರೆ ಬರೀ ಕಾಲು ಡಿಗ್ರಿ. ತಂಗಿಯ 96 ಮಿಲಿವ್ಯಾಟಿಗೆ ಸುಮಾರು 3.6.

ಲಾಗ್ ಯಾಕೆ ಬಂತು ಅನ್ನೋದು ಮುಖ್ಯ, ಇಲ್ಲಿ ಒಂದು ನಿಮಿಷ ನಿಲ್ಲಿ. ಗಾಜು ಹತ್ತಿರ ಇದ್ರೆ ಅದು ಬಿಸಿ ಎಳ್ಕೊಂಡು ತಣ್ಣಗೆ ಮಾಡುತ್ತೆ, ಗಾಜಿಂದ ದೂರ ಹೋದ ಹಾಗೆ ಬಿಸಿ ಜಾಸ್ತಿ, ಆದ್ರೆ ನಿಧಾನ. 10 ಮೈಕ್ರಾನ್ ಇದ್ದದ್ದನ್ನ 50 ಮೈಕ್ರಾನ್ ಮಾಡಿದ್ರೆ ಬಿಸಿ ಐದು ಪಟ್ಟಾಗಲ್ಲ, 1.1 ಹೋಗಿ 1.7 ಆಗುತ್ತೆ ಅಷ್ಟೇ. ಹಂಗಂತ ಆಳಕ್ಕೆ ಹೋಗೋದು ಸುಮ್ಮನೆ ಬೇಡ, ಎಣ್ಣೆ ಲೆನ್ಸಿಗೆ ಆಳದಲ್ಲಿ ಚುಕ್ಕಿಯೇ ಕೆಡುತ್ತೆ, ಟ್ರ್ಯಾಪ್ ಸಡಿಲ ಆಗುತ್ತೆ, ಆಗ ಮತ್ತೆ ಪವರ್ ಏರಿಸ್ತೀರಿ, ಆಗ ಮತ್ತೆ ಬಿಸಿ.

ಇನ್ನೊಂದು, ಬಿಸಿ ಎಷ್ಟು ಬೇಗ ಬರುತ್ತೆ? ನೀರಲ್ಲಿ 10 ಮೈಕ್ರಾನ್ ದೂರ ಬಿಸಿ ಹರಡೋಕೆ ಒಂದು ಮಿಲಿಸೆಕೆಂಡೂ ಬೇಡ. ಲೇಸರ್ ಹಾಕಿದ ಕೂಡ್ಲೇ ಬಿಸಿ, ತೆಗೆದ ಕೂಡ್ಲೇ ತಣ್ಣಗೆ. "ಒಂದು ಸೆಕೆಂಡ್ ಆನ್, ಒಂದು ಸೆಕೆಂಡ್ ಆಫ್ ಮಾಡಿದ್ರೆ ಬಿಸಿ ಅರ್ಧ ಆಗಲ್ವಾ" ಅಂತ ಕೇಳಿದ್ಲು. ಆಗಲ್ಲ, ಆನ್ ಇದ್ದಾಗ ಪೂರ್ತಿ ಬಿಸಿಯೇ, ಒಟ್ಟು ಬೆಳಕಿನ ಡೋಸ್ ಮಾತ್ರ ಅರ್ಧ. ಮೇಲಿಂದ ಆಫ್ ಇರೋ ಆ ಒಂದು ಸೆಕೆಂಡಲ್ಲಿ ಒಂದು ಮೈಕ್ರಾನಿನ ಮಣಿಯಾದ್ರೆ ಹತ್ತಿರ ಹತ್ತಿರ ಒಂದು ಮೈಕ್ರಾನ್ ಅಲೆದು ಟ್ರ್ಯಾಪಿಂದ ಆಚೆ ಹೋಗಿರುತ್ತೆ.

ಏರಿದ್ದಷ್ಟೇ ಅಲ್ಲ, ಎಲ್ಲಿಂದ ಏರಿತು

ಪುಸ್ತಕದಲ್ಲಿ ರೂಮ್ ಟೆಂಪರೇಚರ್ ಅಂದ್ರೆ 20 ಡಿಗ್ರಿ. ಮೇ ತಿಂಗಳಲ್ಲಿ ಕಾರವಾರದಲ್ಲಿ ಎಸಿ ಹಾಳಾದ ರೂಮಲ್ಲಿ ಕೂತ್ಕೊಂಡು 20 ಡಿಗ್ರಿ ಅಂತ ಬರೆದವರನ್ನ ನಾನು ನೋಡಿದೀನಿ ಮಾರಾಯ್ರೇ! ಅವತ್ತು ನಾವು ಸ್ಲೈಡ್ ಪಕ್ಕ ಸಣ್ಣ ಥರ್ಮೋಕಪಲ್ (ಟೆಂಪರೇಚರ್ ಅಳೆಯೋ ತಂತಿ) ಅಂಟಿಸಿ ನೋಡಿದ್ರೆ 33. ಅದಕ್ಕೆ 3.6 ಸೇರಿಸಿ, ಯೀಸ್ಟ್ ಇರೋದು 36.6ರಲ್ಲಿ. ಯೀಸ್ಟಿಗೆ ಹಿತ ಅನ್ನಿಸೋದು 30. 37ಕ್ಕೆ ಅದು ಬಿಸಿಯಿಂದ ತನ್ನನ್ನ ಕಾಪಾಡ್ಕೊಳ್ಳೋ ಹೀಟ್ ಶಾಕ್ ಪ್ರೋಟೀನ್ ಮಾಡೋಕೆ ಶುರು ಮಾಡುತ್ತೆ, ಬೆಳವಣಿಗೆ ಏರುಪೇರಾಗುತ್ತೆ, ಆದ್ರೆ ಹತ್ತು ನಿಮಿಷದಲ್ಲಿ ಸಾಯಲ್ಲ, ಸಾಯೋಕೆ 50ರ ಆಸುಪಾಸು ಬೇಕು. ಈ ಒಂದು ಲೆಕ್ಕ ಮೊದಲೇ ಹಾಕಿದ್ರೆ ಅವತ್ತು ರಾತ್ರಿ ಫೋನೇ ಬರ್ತಿರಲಿಲ್ಲ.

ನೀವು ಏನು ಹಿಡಿತಾ ಇದ್ದೀರಿ ಅನ್ನೋದರ ಮೇಲೆ ಹೋಗುತ್ತೆ ಇದು. 37 ಡಿಗ್ರಿಯಲ್ಲಿ ಬೆಳೆಸೋ ಪ್ರಾಣಿ ಕೋಶಕ್ಕೆ ಸ್ಟೇಜ್ ಹೀಟರ್ ಹಾಕಿ 37 ಇಟ್ಟು, ಮೇಲೆ ಲೇಸರಿಂದ ನಾಲ್ಕು ಡಿಗ್ರಿ ಸೇರಿಸಿದ್ರೆ 41, ಅದು ಜ್ವರದ ಮಟ್ಟ, ಅಲ್ಲಿ ಬಿಸಿ ನಿಜವಾದ ಸಮಸ್ಯೆ. ಅಂಥ ಕಡೆ ಸ್ಟೇಜನ್ನ 33ಕ್ಕೆ ಇಳಿಸಿ ಲೇಸರ್ ಬಿಸಿ ಸೇರಿ 37 ಬರೋ ಹಾಗೆ ಮಾಡೋದು ಜಾಣತನ. ಕೆಂಪು ರಕ್ತಕಣದ ಗೋಡೆ 49, 50 ಡಿಗ್ರಿಗೆ ಕಿತ್ತು ಗುಳ್ಳೆ ಗುಳ್ಳೆ ಆಗುತ್ತೆ, ಅಲ್ಲಿ ತನಕ ನೀರಿನ ಬಿಸಿ ಒಂದರಿಂದ್ಲೇ ಹೋಗೋದು ಕಷ್ಟ. ಮತ್ತೆ ಎಣ್ಣೆ ಹಾಕಿ ಮುಟ್ಟಿರೋ ಆಬ್ಜೆಕ್ಟಿವ್ ಅನ್ನೋದು ಒಂದು ದೊಡ್ಡ ಲೋಹದ ಉಂಡೆ, ಸ್ಟೇಜ್ ಹೀಟರ್ 37 ತೋರಿಸ್ತಾ ಇದ್ರೂ ಆ ಉಂಡೆ ಬಿಸಿ ಎಳೆದು ಸ್ಯಾಂಪಲ್ಲನ್ನ ತಣ್ಣಗೆ ಮಾಡಿರುತ್ತೆ, ಅದಕ್ಕೂ ಒಂದು ಹೀಟರ್ ಪಟ್ಟಿ ಸುತ್ತಬೇಕು.

ಕೋಶದ ಒಳಗೆ ಬಣ್ಣ ಇದೆಯಾ, ಸ್ಲೈಡಲ್ಲಿ ಕಸ ಇದೆಯಾ

ಮೇಲಿನ ಲೆಕ್ಕ ನೀರಿಗೆ ಮಾತ್ರ. ಹೀರೋ ವಸ್ತು ಬೇರೆ ಏನಾದ್ರೂ ಇದ್ರೆ ಲೆಕ್ಕ ಗಾಳಿಗೆ ಹೋಗುತ್ತೆ. ಚಿನ್ನದ ನ್ಯಾನೊ ಕಣ ಹಿಡಿದು 2006ರಲ್ಲಿ ಅಳೆದವರಿಗೆ 100 ನ್ಯಾನೊಮೀಟರಿನ ಕಣಕ್ಕೆ ಒಂದು ವ್ಯಾಟಿಗೆ 266 ಡಿಗ್ರಿ ಬಂತು, ಅಂದ್ರೆ 100 ಮಿಲಿವ್ಯಾಟಿಗೆ 26 ಡಿಗ್ರಿ ಮೇಲೆ. ಹಾಗಾಗಿ ಕೋಶಕ್ಕೆ ಹಿಡಿಕೆ ಥರ ಮಣಿ ಅಂಟಿಸೋದಾದ್ರೆ ಸಿಲಿಕಾ ಅಥವಾ ಪಾಲಿಸ್ಟೈರೀನ್ ಮಣಿಯೇ ಇರಲಿ, ಲೋಹ ಬೇಡ.

ತಂಗಿಗೆ ಮುಂದೆ ಕಾಳಿ ನದಿ ಸಮುದ್ರ ಸೇರೋ ಕಡೆಯ ನೀರಿಂದ ಸಣ್ಣ ಡಯಾಟಮ್ (ಒಂದೇ ಕೋಶದ ಪಾಚಿ) ಹಿಡೀಬೇಕು ಅಂತ ಆಸೆ. ಅದರ ಕ್ಲೋರೋಫಿಲ್ ಹೀರೋದು ಮುಖ್ಯವಾಗಿ ನೀಲಿ ಮತ್ತೆ ಕೆಂಪು, 976ರಲ್ಲಿ ಅದು ದೊಡ್ಡ ತೊಂದರೆ ಕೊಡಲ್ಲ. ತೊಂದರೆ ಕೊಟ್ಟಿದ್ದು ನಮ್ಮ ಮಣ್ಣು. ಸುಮ್ಮನೆ ನೋಡೋಣ ಅಂತ ಸೋಸದೇ ಒಂದು ಹನಿ ನದಿ ನೀರು ಹಾಕಿದ್ವಿ, ಅದ್ರಲ್ಲಿ ಚೀರೆಕಲ್ಲಿನ ಕೆಂಪು ಪುಡಿ ಇತ್ತೋ ಏನೋ, ಒಂದು ಕಂದು ಕಣ ಟ್ರ್ಯಾಪ್ ಹತ್ತಿರ ಬಂದಿದ್ದೇ ತಡ ಟಪ್ ಅಂತ ಒಂದು ಗುಳ್ಳೆ ಎದ್ದು ಅಕ್ಕಪಕ್ಕದ ಕೋಶ ಎಲ್ಲಾ ದಿಕ್ಕಾಪಾಲು. ಕಬ್ಬಿಣದ ಅಂಶ ಇರೋ ಕಪ್ಪು ಕಂದು ಕಣಗಳು ಬೆಳಕು ಹೀರಿ ಅಲ್ಲಲ್ಲೇ ನೀರನ್ನ ಕುದಿಸಿಬಿಡ್ತಾವೆ. ನದಿ ನೀರು ತರೋದಾದ್ರೆ ಒಂದು ತಾಸು ಗ್ಲಾಸಲ್ಲಿ ಇಟ್ಟು ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನ ನೀರು ತಗೊಳ್ಳಿ, ಮೊದಲು ಕಮ್ಮಿ ಪವರಲ್ಲಿ ಹಿಡಿದು ನೋಡಿ. ತೆಳ್ಳಗೆ ಮಾಡೋಕೆ ನಲ್ಲಿ ನೀರು ಸೇರಿಸಬೇಡಿ, ಉಪ್ಪು ಏಕ್‌ದಂ ಇಳಿದ್ರೆ ಕೋಶ ಉಬ್ಬಿ ಒಡೆಯುತ್ತೆ, ಅದನ್ನೂ ಲೇಸರ್ ಲೆಕ್ಕಕ್ಕೆ ಬರೀತೀರಿ. ಮಳೆಗಾಲದ ನೀರಿಗೂ ಬೇಸಿಗೆ ನೀರಿಗೂ ಉಪ್ಪಲ್ಲಿ ಅಜಗಜಾಂತರ ಇರುತ್ತೆ ಅನ್ನೋದು ಅಳಿವೆ ಹತ್ರ ಬೆಳೆದವರಿಗೆ ಹೇಳ್ಬೇಕಾ.

ಅಳೆದೇ ನೋಡ್ಬೇಕು ಅಂದ್ರೆ

ಎರಡು ಅಗ್ಗದ ದಾರಿ ಇವೆ. ಒಂದು ರೋಡಮೀನ್ ಬಿ, ಗುಲಾಬಿ ಬಣ್ಣ, ಬಿಸಿಯಾದ ಹಾಗೆ ಅದರ ಹೊಳಪು ಡಿಗ್ರಿಗೆ ಸುಮಾರು 2 ಪರ್ಸೆಂಟ್ ಕಮ್ಮಿ ಆಗುತ್ತೆ. ಮೊದಲು ಸ್ಟೇಜ್ ಹೀಟರಲ್ಲಿ 25, 30, 35, 40 ಇಟ್ಟು ನಿಮ್ಮದೇ ಕ್ಯಾಮೆರಾದಲ್ಲಿ ಒಂದು ಗ್ರಾಫ್ ಮಾಡ್ಕೊಳ್ಳಿ, ಆಮೇಲೆ ಲೇಸರ್ ಹಾಕಿ ನೋಡಿ. ಒಂದು ಎಚ್ಚರಿಕೆ, ಬಿಸಿ ಇರೋದು ಸಣ್ಣ ಜಾಗದಲ್ಲಿ, ಕ್ಯಾಮೆರಾ ಮೇಲಿಂದ ಕೆಳಗೆ ಇರೋ ಎಲ್ಲಾ ಬಣ್ಣವನ್ನೂ ಒಟ್ಟಿಗೆ ನೋಡುತ್ತೆ, ಹಾಗಾಗಿ ಸಿಗೋ ಉತ್ತರ ನಿಜಕ್ಕಿಂತ ಕಮ್ಮಿಯೇ ಇರುತ್ತೆ. ಬಣ್ಣ ಬೆಳಕಿಗೆ ತಾನಾಗೇ ಮಾಸೋದನ್ನೂ ಕಳೀಬೇಕು, ಲೇಸರ್ ಆಫ್ ಮಾಡಿದ ಮೇಲೆ ಹೊಳಪು ವಾಪಸ್ ಬಂತಾ ನೋಡಿ, ಬರದೇ ಇದ್ರೆ ಅದು ಬಿಸಿ ಅಲ್ಲ, ಮಾಸಿದ್ದು.

ಇನ್ನೊಂದು ದಾರಿ ನನಗೆ ಇಷ್ಟ, ಬಣ್ಣನೇ ಬೇಡ. ಒಂದು ಮೈಕ್ರಾನಿನ ಮಣಿ ಹಿಡಿದು ಅದು ಟ್ರ್ಯಾಪ್ ಒಳಗೆ ನಡುಗೋದನ್ನ ರೆಕಾರ್ಡ್ ಮಾಡಿ ಕಾರ್ನರ್ ಫ್ರೀಕ್ವೆನ್ಸಿ ತೆಗೀರಿ, ಟ್ರ್ಯಾಪ್ ಮಣಿಯನ್ನ ಎಷ್ಟು ಬೇಗ ವಾಪಸ್ ಎಳೆಯುತ್ತೆ ಅನ್ನೋದರ ಅಳತೆ ಅದು. ಪವರ್ ಎರಡು ಪಟ್ಟು ಮಾಡಿದ್ರೆ ಇದೂ ಎರಡು ಪಟ್ಟಾಗಬೇಕು. ಆದ್ರೆ ನೀರು ಬಿಸಿಯಾದ್ರೆ ತೆಳ್ಳಗಾಗುತ್ತೆ, ಡಿಗ್ರಿಗೆ 2 ಪರ್ಸೆಂಟಿನಷ್ಟು, ಆಗ ಫ್ರೀಕ್ವೆನ್ಸಿ ಎರಡು ಪಟ್ಟಿಗಿಂತ ಸ್ವಲ್ಪ ಮೇಲೆ ಹೋಗುತ್ತೆ. ಐದಾರು ಪವರಲ್ಲಿ ಅಳೆದು ಗ್ರಾಫ್ ಹಾಕಿದ್ರೆ ಗೆರೆ ನೇರ ಹೋಗೋ ಬದಲು ಮೇಲಕ್ಕೆ ಬಾಗುತ್ತೆ, ಆ ಬಾಗೇ ನಿಮ್ಮ ಥರ್ಮಾಮೀಟರ್. ಟ್ರ್ಯಾಪಿನ ಬಲ ಅಳೆಯೋರಿಗೂ ಇದು ಬೇಕು, 20 ಡಿಗ್ರಿ ನೀರಿನ ಸ್ನಿಗ್ಧತೆ 1.00, 30ಕ್ಕೆ 0.80, ಟೇಬಲ್ ನೋಡಿ 20ರದ್ದನ್ನ ಹಾಕಿದ್ರೆ ನಮ್ಮ ಕರಾವಳಿ ರೂಮಲ್ಲಿ ಶುರುವಿಗೇ ತಪ್ಪು.

ಬಿಸಿಯೋ ಹೊಗೆಯೋ

ಈಗ ನಿಜವಾದ ವಿಷಯಕ್ಕೆ ಬಂದ್ವಿ. ಬಿಸಿಯೇ ಕೊಲ್ಲೋದಾಗಿದ್ರೆ ನೀರು ಎಲ್ಲಿ ಜಾಸ್ತಿ ಹೀರುತ್ತೋ ಅಲ್ಲಿ ಜಾಸ್ತಿ ಸಾಯಬೇಕಿತ್ತು, ಅಲ್ವಾ? 1996ರಲ್ಲಿ ಲಿಯಾಂಗ್ ಮತ್ತು ಸಂಗಡಿಗರು ಹ್ಯಾಮ್‌ಸ್ಟರ್ ಕೋಶಗಳನ್ನ ಬೇರೆ ಬೇರೆ ತರಂಗಾಂತರದಲ್ಲಿ ಹಿಡಿದು ಆಮೇಲೆ ಅವು ಬೆಳೆದು ಕಾಲೊನಿ ಆಗ್ತಾವಾ ನೋಡಿದ್ರು, ಚೆನ್ನಾಗಿ ಉಳಿದಿದ್ದು 950ರಿಂದ 990ರ ನಡುವೆ, ಅಂದ್ರೆ ನೀರು ಅತಿ ಜಾಸ್ತಿ ಹೀರೋ ಕಡೆ! 1999ರಲ್ಲಿ ನ್ಯೂಮನ್ ಮತ್ತು ಸಂಗಡಿಗರು ಇ. ಕೊಲೈ ಬ್ಯಾಕ್ಟೀರಿಯಾದ ಬಾಲ ತಿರುಗೋದು ನಿಲ್ಲೋಕೆ ಎಷ್ಟು ಹೊತ್ತು ಅಂತ ಅಳೆದ್ರು, ಅವರಿಗೂ ಕಮ್ಮಿ ಹಾನಿ ಸಿಕ್ಕಿದ್ದು 830 ಮತ್ತೆ 970ರಲ್ಲಿ, ಜಾಸ್ತಿ ಹಾನಿ 870 ಮತ್ತೆ 930ರಲ್ಲಿ. ಆಮೇಲೆ ಆಮ್ಲಜನಕ ತೆಗೆದು ನೋಡಿದ್ರು, ಹಾನಿ ಹೆಚ್ಚುಕಮ್ಮಿ ಇಲ್ಲದ ಹಾಗೇ ಆಯ್ತು. ಬಿಸಿಗೆ ಆಮ್ಲಜನಕ ಯಾಕೆ ಬೇಕು? ಬೇಡ. ಕೋಶದ ಒಳಗಿನ ಯಾವುದೋ ಅಣು ಬೆಳಕು ಹೀರಿ, ಆಮ್ಲಜನಕದ ಜತೆ ಸೇರಿ ಉರಿ ಹುಟ್ಟಿಸೋ ತುಂಡುಗಳನ್ನ ಮಾಡುತ್ತೆ, ಅವು ಕೊಲ್ತಾವೆ. ಅದೇ ನಾನು ಹೇಳಿದ ಹೊಗೆ. ಹಾಗಾಗಿ ತಂಗಿಯ 976 ಕಿಟ್ ಬಿಸಿ ಲೆಕ್ಕದಲ್ಲಿ ಕೆಟ್ಟದ್ದು, ಹೊಗೆ ಲೆಕ್ಕದಲ್ಲಿ ಒಳ್ಳೇದು. ನಂಗೆ ಕೇಳಿದ್ರೆ, ತಾನೇ 33 ಡಿಗ್ರಿ ಇರೋ ರೂಮಲ್ಲೂ ಯೀಸ್ಟಿಗೆ ಅದು ಕೆಟ್ಟ ಆಯ್ಕೆ ಏನಲ್ಲ.

ಬೇರೆ ಮಾಡಿ ನೋಡೋ ವಿಧಾನ ಹೀಗೆ. ಒಂದೇ ದಿನ, ಒಂದೇ ಬಾಟ್ಲಿ ಯೀಸ್ಟಿಂದ ನಾಲ್ಕು ಸ್ಲೈಡ್ ಮಾಡಿ. ಮೊದಲನೇದಕ್ಕೆ ಲೇಸರ್ರೂ ಇಲ್ಲ, ಲ್ಯಾಂಪೂ ಇಲ್ಲ, ಡಬ್ಬದೊಳಗೆ ಕತ್ತಲಲ್ಲಿ ಅಷ್ಟೇ ಹೊತ್ತು ಇಡಿ. ಎರಡನೇದನ್ನ ಮೈಕ್ರೋಸ್ಕೋಪ್ ಲ್ಯಾಂಪ್ ಕೆಳಗೆ ಇಡಿ, ಲೇಸರ್ ಬೇಡ. ಮೂರನೇದಕ್ಕೆ ಲೇಸರ್ ಬೇಡ ಆದ್ರೆ ಸ್ಟೇಜ್ ಹೀಟರಲ್ಲಿ ಲೆಕ್ಕ ಹೇಳಿದಷ್ಟು ಬಿಸಿ, ನಮ್ಮದಕ್ಕೆ 36.6, ಬೇಕಾದ್ರೆ ಒಂದೆರಡು ಡಿಗ್ರಿ ಜಾಸ್ತಿನೇ ಇಡಿ. ನಾಲ್ಕನೇದು ನಿಜವಾದ ಟ್ರ್ಯಾಪ್. ಮೂರನೇದು ಬದುಕಿ ನಾಲ್ಕನೇದು ಸತ್ರೆ ಬಿಸಿ ಅಲ್ಲ, ಬೆಳಕು. ಮೂರನೇದೂ ಸತ್ರೆ ಬಿಸಿ. ಟ್ರ್ಯಾಪ್ ಪಕ್ಕದ ಕೋಶವನ್ನೇ ಬಿಸಿಯ ಕಂಟ್ರೋಲ್ ಅಂತ ತಗೊಳ್ಳೋ ಸೋಮಾರಿ ದಾರಿ ಬೇಡ, ಫೋಕಸಿಂದ ಎರಡು ಮೈಕ್ರಾನ್ ಆಚೆ ಹೋದ್ರೆ ಬಿಸಿ ಅರ್ಧಕ್ಕೆ ಬಂದಿರುತ್ತೆ.

ನಮ್ಮ ಸ್ಲೈಡ್‌ಗಳಲ್ಲಿ ಏನಾಯ್ತು ಗೊತ್ತಾ? ಮೂರನೇದು ಆರಾಮಾಗಿತ್ತು. ಸತ್ತಿದ್ದು ನಾಲ್ಕನೇದು, ಜತೆಗೆ ಎರಡನೇದು! ಲೇಸರೇ ಇಲ್ಲದ ಸ್ಲೈಡಲ್ಲಿ, ಲ್ಯಾಂಪಿನ ಬೆಳಕು ಬೀಳೋ ವೃತ್ತದ ಒಳಗಿನ ಯೀಸ್ಟ್ ಎಲ್ಲಾ ನೀಲಿ, ಸ್ಲೈಡಿನ ಅಂಚಲ್ಲಿ ಇದ್ದವು ಬಿಳಿ. ಆಗ ನನಗೆ ಹೊಳೀತು, "ನೀನು ಮೆಥಿಲೀನ್ ಬ್ಲೂ ಯಾವಾಗ ಹಾಕ್ತೆ?" ಅಂತ ಕೇಳಿದೆ. "ಮೊದ್ಲೇ ಹಾಕಿ ಆಮೇಲೆ ಹಿಡೀತೆ, ಸತ್ತಿದ್ದು ಕೂಡ್ಲೇ ಕಾಣ್ತು ಅಲ್ದಾ" ಅಂದ್ಲು. ಬದುಕಿರೋ ಯೀಸ್ಟ್ ಆ ನೀಲಿಯನ್ನ ಬಣ್ಣ ಇಲ್ಲದ ಹಾಗೆ ಮಾಡುತ್ತೆ, ಸತ್ತಿದ್ದು ನೀಲಿಯಾಗೇ ಉಳಿಯುತ್ತೆ, ಅದು ಸರಿ. ಆದ್ರೆ ಮೆಥಿಲೀನ್ ಬ್ಲೂ ಕೆಂಪು ಬೆಳಕು ಹೀರಿ ಆಮ್ಲಜನಕವನ್ನ ಕೆರಳಿಸೋ ಬಣ್ಣ, ಇದೇ ಗುಣಕ್ಕೆ ಅದನ್ನ ಸೂಕ್ಷ್ಮಜೀವಿ ಕೊಲ್ಲೋಕೂ ಬಳಸ್ತಾರೆ. ಲ್ಯಾಂಪ್ ಫುಲ್ ಇಟ್ಟು ಹದಿನೈದು ನಿಮಿಷ ಕೂತಿದ್ಲು. ಲೇಸರ್ ಪಾಪ ಸುಮ್ಮನೆ ಬೈಸ್ಕೊಂಡಿತ್ತು.

ಹಾಗಾಗಿ ಬಣ್ಣ ಯಾವಾಗ್ಲೂ ಕೊನೆಗೆ, ಹಿಡಿದು ಬಿಟ್ಟ ಮೇಲೆ ಹಾಕಿ, ಐದು ಹತ್ತು ನಿಮಿಷದೊಳಗೆ ಎಣಿಸಿ ಮುಗಿಸಿ. ಲ್ಯಾಂಪ್ ಕ್ಯಾಮೆರಾಗೆ ಬೇಕಾದಷ್ಟೇ ಇಡಿ, ಮುಂದೆ ಕೆಂಪು ಫಿಲ್ಟರ್ ಹಾಕೋ ಅಭ್ಯಾಸ ಇದ್ದವರು ಮೆಥಿಲೀನ್ ಬ್ಲೂ ಇದ್ದಾಗ ಅದನ್ನೂ ತೆಗೀರಿ. ಬಣ್ಣಕ್ಕಿಂತ ಒಳ್ಳೇ ಪರೀಕ್ಷೆ ಕಾಯೋದು, ಚೆನ್ನಾಗಿರೋ ಯೀಸ್ಟ್ 30 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಒಂದೂವರೆ ತಾಸಿಗೆ ಮೊಗ್ಗು ಬಿಟ್ಟು ಎರಡಾಗುತ್ತೆ, ಟ್ರ್ಯಾಪಿಂದ ಬಿಟ್ಟದ್ದನ್ನ ಗುರುತು ಮಾಡ್ಕೊಂಡು ಅಷ್ಟು ಹೊತ್ತು ಕಾದ್ರೆ ಅದೇ ಹೇಳುತ್ತೆ.

ಬಿಸಿಯೂ ಹೊಗೆಯೂ ಕಮ್ಮಿ ಮಾಡೋಕೆ

ಮೊದಲು ಪವರ್ ಇಳಿಸಿ, ಯೀಸ್ಟನ್ನ ಸುಮ್ಮನೆ ಹಿಡಿದಿಡೋಕೆ 10, 20 ಮಿಲಿವ್ಯಾಟ್ ಸಾಕಾಗುತ್ತೆ, 96 ಯಾಕೆ ಬೇಕಿತ್ತು ಅನ್ನೋದಕ್ಕೆ "ಗಟ್ಟಿ ಇರ್ಲಿ ಅಂತ" ಅನ್ನೋ ಉತ್ತರ ಬಂತು. ಹೊಗೆ ಕಮ್ಮಿ ಮಾಡೋಕೆ ಗ್ಲೂಕೋಸ್ ಆಕ್ಸಿಡೇಸ್ ಮತ್ತೆ ಕ್ಯಾಟಲೇಸ್, ಜತೆಗೆ ಸ್ವಲ್ಪ ಗ್ಲೂಕೋಸ್ ಹಾಕಿದ್ರೆ ಆಮ್ಲಜನಕ ಖಾಲಿ ಆಗುತ್ತೆ, ಆದ್ರೆ ನಿಧಾನಕ್ಕೆ ಆಮ್ಲ ಹುಟ್ಟಿ ಪಿಎಚ್ ಇಳಿಯುತ್ತೆ, ಬಫರ್ ಗಟ್ಟಿ ಇರ್ಲಿ, ಉಸಿರಾಡೋಕೆ ಆಮ್ಲಜನಕ ಬೇಕೇ ಬೇಕು ಅನ್ನೋ ಕೋಶಕ್ಕೆ ಇದು ಬೇಡ.

ಭಾರಜಲ ಹಾಕಿದ್ರೆ ಬಿಸಿ ತುಂಬಾ ಕಮ್ಮಿ ಆಗುತ್ತೆ, ಅದು ಈ ತರಂಗಾಂತರಗಳನ್ನ ಮಾಮೂಲಿ ನೀರಿನಷ್ಟು ಹೀರಲ್ಲ. ತಂಗಿ ಕೂಡ್ಲೇ "ಕೈಗಾದಲ್ಲಿ ಕೇಳನಾ?" ಅಂದ್ಲು, ಅಲ್ಲಿನ ರಿಯಾಕ್ಟರ್ ಓಡೋದೇ ಭಾರಜಲದಲ್ಲಿ ಅನ್ನೋದು ಈ ಕಡೆ ಎಲ್ರಿಗೂ ಗೊತ್ತಿರೋ ವಿಷಯ. ನಗು ಬಂತು. ಮಣಿ ಹಿಡಿಯೋ ಪ್ರಯೋಗಕ್ಕೆ ಕೆಮಿಕಲ್ ಅಂಗಡಿಯ ಸಣ್ಣ ಬಾಟ್ಲಿ ಸಾಕು, ಜೀವ ಇರೋದಕ್ಕೆ ಹಾಕಿದ್ರೆ ಅದರ ಬೆಳವಣಿಗೆಯೇ ನಿಧಾನ ಆಗುತ್ತೆ, ಒಂದು ತೊಂದರೆ ಬಿಟ್ಟು ಇನ್ನೊಂದು ಕಟ್ಕೊಂಡ ಹಾಗೆ.

ಕರಾವಳಿಯವರಿಗೆ ಅಂತಲೇ ಎರಡು ಮಾತು. ಜೂನ್ ಬಂತು ಅಂದ್ರೆ ಲೆನ್ಸ್ ಮೇಲೆ ಬೂಷ್ಟು, ಬೂಷ್ಟು ಕೂತ ಆಬ್ಜೆಕ್ಟಿವ್ ಬೆಳಕು ಚದುರಿಸುತ್ತೆ, ಟ್ರ್ಯಾಪ್ ಸಡಿಲ, ಮತ್ತೆ ಪವರ್ ಏರಿಸೋ ಕಥೆ. ಕೆಲಸ ಮುಗಿದ ಮೇಲೆ ಎಣ್ಣೆ ಒರೆಸಿ ಆಬ್ಜೆಕ್ಟಿವನ್ನ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಲಿ ಇಡಿ, ಜೆಲ್ಲಿನ ಬಣ್ಣ ಬದಲಾದ ಕೂಡ್ಲೇ ಓವನಲ್ಲಿ ಒಣಗಿಸಿ ಮತ್ತೆ ಬಳಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡಿದ್ರೆ ಲೇಸರ್ ಡಯೋಡಿನ ಕೂಲರ್ ಸೆಟ್ ಆಗೋಕೆ ಟೈಮ್ ಬೇಕು, ಅಲ್ಲಿ ತನಕ ಪವರ್ರೂ ತರಂಗಾಂತರವೂ ಅಲ್ಲಾಡ್ತಾ ಇರುತ್ತೆ, ಯುಪಿಎಸ್ ಇಲ್ಲದೇ ಇದ್ರೆ ಕರೆಂಟ್ ಬಂದ ಮೇಲೆ ಅರ್ಧ ತಾಸು ಬಿಟ್ಟು ಪವರ್ ಮತ್ತೆ ಅಳೆದೇ ಶುರು ಮಾಡಿ.

ತಂಗಿಯ ನೋಟ್‌ಬುಕ್ಕಲ್ಲಿ ಈಗ ಪ್ರತಿ ಸ್ಲೈಡಿಗೂ ಒಂದು ಸಾಲು ಇರುತ್ತೆ: ತರಂಗಾಂತರ, ಸ್ಯಾಂಪಲ್ ಹತ್ತಿರದ ಪವರ್, ಗಾಜಿಂದ ಎಷ್ಟು ಮೈಕ್ರಾನ್, ಸ್ಲೈಡ್ ಪಕ್ಕದ ಟೆಂಪರೇಚರ್, ಲೆಕ್ಕದ ಏರಿಕೆ, ಎಷ್ಟು ನಿಮಿಷ ಹಿಡಿದಿದ್ದು, ಲ್ಯಾಂಪ್ ಎಷ್ಟು, ಬಣ್ಣ ಯಾವಾಗ ಹಾಕಿದ್ದು. ಹೋದ ವಾರ ಅದರ ಫೋಟೋ ಕಳಿಸಿದ್ಲು, 18 ಮಿಲಿವ್ಯಾಟ್, ಹದಿನೈದು ನಿಮಿಷ, ಏರಿಕೆ 0.7 ಡಿಗ್ರಿ, ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಬರೆದಿತ್ತು, "ಮೊಗ್ಗು ಬಂತು, 1 ತಾಸು 50 ನಿಮಿಷ".